ಬಾಯಿ ಸೊಟ್ಟಾದ ವರ್ಷ

ನಮ್ಮದು ಮೊಳಕಾಲ್ಮೂರಿನ ನೇಕಾರರ ಮನೆ, ಮನೆಮಾತು ತೆಲುಗು. ಅಪ್ಪ, ಅವ್ವ ಇಬ್ಬರೂ ರೇಷ್ಮೆ ಸೀರೆ ನೇಯುತ್ತಿದ್ದರು. ಮಗ್ಗದ ಮೇಲೆ ನನ್ನ ಕೈ ಓಡಲಿಲ್ಲ. ಚಳ್ಳಕೆರೆಯಲ್ಲಿ ಬ್ಯಾಂಡ್ ಸೆಟ್ ಇಟ್ಟಿದ್ದ ಸೋದರಮಾವ ನನ್ನನ್ನು ಕರೆದುಕೊಂಡು ಹೋಗಿ ಸ್ಯಾಕ್ಸಫೋನ್ ಕಲಿಸಿದ. ಮದುವೆ ಮೆರವಣಿಗೆಯಲ್ಲಿ ಸಿನಿಮಾ ಹಾಡು ಊದುತ್ತ ನಾನು ನನ್ನದೇ ಏನೇನೋ ಸೇರಿಸುತ್ತಿದ್ದೆ.

“ಲೇ, ಹಾಡು ಇದ್ದಂಗೆ ಊದೋ. ಜನ ಕುಣೀಬೇಕು” ಅಂತ ಮಾವ ಬೈಯುತ್ತಿದ್ದ.

ಬೆಂಗಳೂರಿನ ಹೋಟೆಲೊಂದರ ಆರತಕ್ಷತೆಯಲ್ಲಿ ನಾನು ಹೀಗೆ ಸೇರಿಸಿ ಊದುವುದನ್ನು ಕೇಳಿದ ಗೋವಾದ ಹಿರಿಯ ಪಿಯಾನೊ ವಾದಕರೊಬ್ಬರು ನನ್ನನ್ನು ತಮ್ಮ ತಂಡಕ್ಕೆ ಸೇರಿಸಿಕೊಂಡರು. ನಾನು ಮಾಡುತ್ತಿದ್ದುದಕ್ಕೆ ಜಾಝ್‌ನಲ್ಲಿ ಜಾಗವಿದೆ ಎಂದು ಹೇಳಿದವರು ಅವರೇ. ಆಮೇಲೆ ಮುಂಬೈ, ಯುರೋಪಿನ ಊರುಗಳು, ನನ್ನದೇ ತಂಡ, ಆಲ್ಬಮ್ಮುಗಳು. ವೇಗಕ್ಕೆ ಹೆಸರಾದೆ. ಏರುಸ್ವರಗಳಲ್ಲಿ ನಾನು ಓಡತೊಡಗಿದರೆ ಜನ ಎದ್ದು ನಿಲ್ಲುತ್ತಿದ್ದರು.

ಒಂದು ಬೆಳಿಗ್ಗೆ ಮುಂಬೈಯ ಮನೆಯಲ್ಲಿ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ಸೋರಿತು. ಕನ್ನಡಿ ನೋಡಿದರೆ ಅರ್ಧ ಮುಖ ಜೋತುಬಿದ್ದಿದೆ. ಮುಖದ ನರ ಊದಿಕೊಂಡಿದೆ, ವಾಸಿಯಾಗಬಹುದು, ಎಷ್ಟರಮಟ್ಟಿಗೆ ಎಂದು ಹೇಳಲಾಗದು ಎಂದರು ಡಾಕ್ಟರು. ಸ್ಯಾಕ್ಸಫೋನ್ ಬಾಯಿಗಿಟ್ಟರೆ ಗಾಳಿಯೆಲ್ಲ ತುಟಿಯಂಚಿನಿಂದ ಹೊರಗೆ. ಒಪ್ಪಿಕೊಂಡಿದ್ದ ಕಛೇರಿಗಳನ್ನೆಲ್ಲ ಬಿಟ್ಟು ಊರಿಗೆ ಬಂದೆ.

ಬಾಗಿಲಲ್ಲೇ ಅವ್ವ ನನ್ನ ಗಲ್ಲ ಹಿಡಿದು, “ಏಮೈಂದಿರಾ? ಬಾಯಿ ಯಾಕೆ ಹಿಂಗೈತೆ?” ಅಂದಳು. ಅಳಲಿಲ್ಲ. ಕನ್ನಡಿ ಮುಂದೆ ಕೂತು ಪ, ಬ, ಮ ಎಂದು ತುಟಿ ಕೂಡಿಸುವ ಅಭ್ಯಾಸವನ್ನು ಡಾಕ್ಟರು ಹೇಳಿಕೊಟ್ಟಿದ್ದರು. ಮಗ್ಗದ ಸದ್ದಿನ ನಡುವೆ ಅದನ್ನು ಮಾಡುತ್ತಿದ್ದರೆ ಅವ್ವ ಒಂದು ದಿನ ಕೈ ನಿಲ್ಲಿಸಿದಳು.

“ನಗು ಬರ್ತೈತಪ್ಪಾ. ನಗಲಾ?”

“ನಗವ್ವ.”

ಇಬ್ಬರೂ ನಕ್ಕೆವು. ನನ್ನದು ಅರ್ಧ ನಗು.

ತುಟಿಗೆ ಸ್ವಲ್ಪ ಹಿಡಿತ ಬಂದಾಗ ಚಳ್ಳಕೆರೆಗೆ ಹೋಗಿ, ಬ್ಯಾಂಡಿನ ಸಾಮಾನು ಇಡುವ ಶೆಡ್ಡಿನಲ್ಲಿ ಮಾವನ ಎದುರಿಗೇ ಊದಿದೆ. ಮೇಲಿನ ಸ್ವರಗಳು ಕೀರಲಾದವು. ಕೆಳಗಿನವಕ್ಕೆ ತುಟಿ ಅಷ್ಟು ಬಿಗಿಯಬೇಕಿಲ್ಲ, ಅವು ಒಡೆಯದೆ ಗಟ್ಟಿಯಾಗಿ ನಿಂತವು. ಒಂದೊಂದನ್ನೇ ಉಸಿರಿರುವ ತನಕ ಹಿಡಿದೆ. ಮಾವ ಬೀಡಿ ಆರಿದ್ದನ್ನೂ ಗಮನಿಸದೆ ಕೂತಿದ್ದ.

“ಇದು ಬ್ಯಾರೆ ಯಾರೋ ಊದಿದಂಗೈತಲ್ಲೋ” ಅಂದ.

ನನಗೂ ಹಾಗೇ ಅನಿಸಿತ್ತು. ಹಳೆಯ ವೇಗ ವಾಪಸ್ ಬರಲಿಲ್ಲ. ಕೆಳಗಿನ ಸ್ವರಗಳಲ್ಲೇ, ನಿಧಾನವಾಗಿ, ಹೊಸದಾಗಿ ಕಟ್ಟತೊಡಗಿದೆ. ಮುಂಬೈಯಲ್ಲಿ ಮತ್ತೆ ವೇದಿಕೆ ಹತ್ತಿದಾಗ ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಆ ಸಂಜೆ ಯಾರೂ ಎದ್ದು ನಿಲ್ಲಲಿಲ್ಲ. ಕೊನೆಯ ಸ್ವರ ಮುಗಿದಾಗ ಕೂತಲ್ಲೇ ಬಹಳ ಹೊತ್ತು ಚಪ್ಪಾಳೆ ತಟ್ಟಿದರು.

ಹೊರಗೆ ಟ್ಯಾಕ್ಸಿಗೆ ಕಾಯುವಾಗ ಅವ್ವ, “ಚೆನ್ನಾಗಿತ್ತು. ಆದ್ರೆ ಒಂದೂ ಗೊತ್ತಿರೋ ಹಾಡು ಊದ್ಲಿಲ್ಲ ನೀನು” ಅಂದಳು.