ಸಂಜೆಯ ಭೈರವ

ಧಾರವಾಡದ ಸಂಗೀತೋತ್ಸವಕ್ಕೆ ಹೋಗಲಾಗದ ವರ್ಷ, ಆಡೂರಿನ ನಮ್ಮ ಪಡಸಾಲೆಯಲ್ಲಿ ಜಮಖಾನ ಹಾಸಿ, ಫೋನನ್ನು ತಂಬಿಗೆಗೆ ಆನಿಸಿಟ್ಟೆ. ಪರದೆಯ ಮೇಲೆ ‘ನೇರ ಪ್ರಸಾರ’ ಎಂದಿತ್ತು. ಆಲಾಪ ಶುರುವಾದದ್ದೇ ಭಜನೆ ಹಾಡುವ ಅವ್ವ ಹುಬ್ಬು ಗಂಟಿಕ್ಕಿದಳು.

“ಇದು ಭೈರವ. ನಾ ಸಂಜಿ ದೀಪಾ ಹಚ್ಚೇನಿ, ಇವ್ರು ಮುಂಜಾನಿ ರಾಗ ಹಾಡಾಕತ್ತಾರ. ಹಳೇದು ತೋರ್ಸಾಕತ್ತಾರ ನೋಡು.”

ನನಗೂ ಗುಮಾನಿ ಬಂತು. ಪ್ರತಿ ವರ್ಷ ಅಲ್ಲಿಗೆ ಹೋಗಿ ಬಂದೆನೆಂದು ಜಂಬ ಕೊಚ್ಚುವ ಧಾರವಾಡದ ಅಕ್ಕನಿಗೆ ಅವ್ವನ ಫೋನಿನಿಂದ ಸ್ಪೀಕರ್ ಹಾಕಿ ಮಾತಾಡಿದೆ.

“ಮುಂದಿನ ಸಾಲಿನ್ಯಾಗ ಕುಂತೇನಿ, ಏನ್ ಹಾಡಾಕತ್ತಾರ ಅಂತಿ!” ಎಂದಳು.

“ಯಾವ ರಾಗ, ಅಕ್ಕ?”

ಉತ್ತರಕ್ಕೆ ಮೊದಲು ಅವಳ ಕುಕ್ಕರು ಸೀಟಿ ಹೊಡೆಯಿತು. ಅಕ್ಕ ತಟ್ಟನೆ ಫೋನಿಟ್ಟಳು.

ಪರದೆಯಲ್ಲಿ ಸಭೆ ಭೋರೆಂದು ಚಪ್ಪಾಳೆ ತಟ್ಟಿತು. ಅವ್ವ ನನ್ನನ್ನೇ ದಿಟ್ಟಿಸಿದಳು.

“ಹಾಡು ಹಳೇದು, ಅಕಿ ಮನಿಯಾಗ ಅದಾಳ. ಹಂಗಾರ ಈಗ ಚಪ್ಪಾಳಿ ಹೊಡ್ಯಾಕತ್ತವ್ರು ಯಾರ?”