ಶನಿವಾರದ ಕನ್ನಡ

ಮಾತಾಡುವಾಗ ಮೇಷ್ಟ್ರ ಎಡಗೈ ಯಾವಾಗಲೂ ಗದ್ದದ ಕೆಳಗಿರುತ್ತಿತ್ತು. ಕ್ಯಾನ್ಸರ್ ಬಂದು ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರಿಂದ, ಸಣ್ಣ ಟಾರ್ಚಿನಂಥ ಒಂದು ಯಂತ್ರವನ್ನು ಕತ್ತಿಗೆ ಒತ್ತಿ ಹಿಡಿದೇ ಅವರು ಮಾತಾಡಬೇಕಿತ್ತು. ಹೊರಡುವ ದನಿಗೆ ಏರಿಳಿತವೇ ಇಲ್ಲ. ಬೈದರೂ ಅದೇ ಗುಂಯ್ ದನಿ, ತಮಾಷೆ ಮಾಡಿದರೂ ಅದೇ. ಯಾವುದು ಏನೆಂದು ತಿಳಿಯಲು ಅವರ ಹುಬ್ಬು ನೋಡಬೇಕಿತ್ತು. ಲೋಟದಿಂದ ಡಬರಾ ಬಟ್ಟಲಿಗೆ ಸುರಿದು ಕಾಫಿ ಆರಿಸಲು ಎರಡೂ ಕೈ ಬೇಕಲ್ಲ, ಆಗ ಮಾತ್ರ ಪೂರ್ತಿ ಮೌನ.

ನಾನು ಗದಗಿನ ಕಡೆಯವಳು. ಖಗೋಳ ವಿಜ್ಞಾನದಲ್ಲಿ ಸಂಶೋಧನೆ ಮಾಡಲು ಚೆನ್ನೈನ ವಿಶ್ವವಿದ್ಯಾಲಯಕ್ಕೆ ಬಂದಾಗ ತಮಿಳು ತಿಳಿಯುತ್ತಿರಲಿಲ್ಲ. ಇಂಗ್ಲಿಷು ಕಣ್ಣಿಗೆ ಗೊತ್ತಿತ್ತು, ನಾಲಿಗೆಗೆ ಗೊತ್ತಿರಲಿಲ್ಲ. ಹಾಸ್ಟೆಲಿನ ಹುಡುಗಿಯರು ಒಳ್ಳೆಯವರೇ. ಊಟಕ್ಕೆ ಜೊತೆಗೆ ಕರೆಯುತ್ತಿದ್ದರು. ಎರಡು ತುತ್ತು ಮುಗಿಯುವುದರೊಳಗೆ ಮಾತು ತಮಿಳಿಗೆ ಹೊರಳುತ್ತಿತ್ತು. ಅವರೆಲ್ಲ ನಕ್ಕಾಗ ನಾನೂ ಸ್ವಲ್ಪ ತಡವಾಗಿ ನಗುತ್ತಿದ್ದೆ. ಅವ್ವ ಫೋನಿನಲ್ಲಿ, "ದಿನಾ ಚಿಕ್ಕಿ ನೋಡ್ತಿಯೇನವಾ?" ಎಂದು ಕೇಳುತ್ತಿದ್ದಳು. ನಮ್ಮ ಕಡೆ ನಕ್ಷತ್ರಕ್ಕೆ ಚಿಕ್ಕಿ ಎನ್ನುತ್ತಾರೆ. ನಾನು ನೋಡುತ್ತಿದ್ದುದು ಕಂಪ್ಯೂಟರಿನ ಪರದೆಯನ್ನು. ಈ ಊರಿನ ಆಕಾಶದಲ್ಲಿ ಬೀದಿದೀಪಗಳ ಮಬ್ಬು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. "ಹ್ಞೂಂ ಅವ್ವಾ" ಎನ್ನುತ್ತಿದ್ದೆ. ಎಷ್ಟೋ ದಿನ ನನ್ನ ಬಾಯಿಂದ ಹೊರಟ ಮಾತು ಅದೊಂದೇ.

ಮೊದಲ ವರ್ಷದ ಕೊನೆಗೆ ಮೌಖಿಕ ಪರೀಕ್ಷೆ ಇತ್ತು. ಶಕ್ತಿ ಕಳೆದುಕೊಳ್ಳುವ ನಕ್ಷತ್ರ ತಣ್ಣಗಾಗುವ ಬದಲು ಬಿಸಿಯಾಗುವುದೇಕೆ ಎಂದು ಪರೀಕ್ಷಕರೊಬ್ಬರು ಕೇಳಿದರು. ಉತ್ತರ ಗೊತ್ತಿತ್ತು. ಇಂಗ್ಲಿಷಿನಲ್ಲಿ ಮೊದಲ ಪದವೇ ಸಿಗಲಿಲ್ಲ. ವಿಭಾಗದ ಮುಖ್ಯಸ್ಥರಾಗಿದ್ದ ಮೇಷ್ಟ್ರು ಮೂಲೆಯ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ನಾನು ಫೇಲಾದೆ. ಇನ್ನೊಂದು ಅವಕಾಶವಿತ್ತು, ಅದೂ ತಪ್ಪಿದರೆ ಊರಿಗೆ ಹೊರಡುವುದೇ.

ಮರುದಿನ, ನಾನೇ ಬಿಟ್ಟು ಹೋಗುತ್ತೇನೆಂದು ಹೇಳಲು ಅವರ ಕೋಣೆಗೆ ಹೋದೆ. ಇಂಗ್ಲಿಷಿನ ವಾಕ್ಯ ಅರ್ಧಕ್ಕೇ ನಿಂತಿತು. "ಅಯ್ಯ, ನನಗ ಇದು ಆಗಂಗಿಲ್ಲ ಬಿಡು" ಎಂದು ನನ್ನಷ್ಟಕ್ಕೆ ನಾನೇ ಗೊಣಗಿಕೊಂಡೆ.

"ಯಾವುದಮ್ಮಾ ಆಗಲ್ಲ?" ಎಂದಿತು ಯಂತ್ರ.

ಮೇಷ್ಟ್ರಿಗೆ ಕನ್ನಡ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಅವರ ತಾತ ರೈಲ್ವೆ ಕೆಲಸಕ್ಕೆಂದು ಮದ್ರಾಸಿಗೆ ಬಂದವರಂತೆ. "ನಮ್ದು ಕೊಂಚಂ ತಮಿಳು ವಾಸನೆ ಹೊಡೆಯೋ ಕನ್ನಡ. ಅಡ್ಜಸ್ಟ್ ಮಾಡ್ಕೋ. ನಿನ್ನೆ ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳು. ನಿಮ್ಮ ಅಮ್ಮನಿಗೆ ಹೇಳೋ ಹಾಗೆ."

"ಚಿಕ್ಕಿ ಶಾಖ ಕಳ್ಕೊಂಡಂಗ ತನ್ನ ಭಾರಕ್ಕ ತಾನ ಕುಗ್ಗತೈತ್ರಿ ಸರ್. ಕುಗ್ಗಿದಂಗ ಕುಗ್ಗಿದಂಗ ಒಳಗ ಬಿಸಿ ಏರತೈತ್ರಿ."

"ಚಿಕ್ಕಿಯಾ? ಅದು ಬೆಲ್ಲ, ಕಡಲೆಕಾಯಿ ಹಾಕಿ ಮಾಡೋದಲ್ವಾ?" ಹುಬ್ಬು ಮೇಲೇರಿತ್ತು. ಈ ಊರಿಗೆ ಬಂದ ಮೇಲೆ ಮೊದಲ ಸಲ ಬೇರೆಯವರನ್ನು ನೋಡದೆ ನಕ್ಕೆ.

ಆಮೇಲಿಂದ ಪ್ರತಿ ಶನಿವಾರ ಸಂಜೆ ಅಣ್ಣಾ ನಗರದ ಅವರ ಮನೆಗೆ ಹೋಗುತ್ತಿದ್ದೆ. "ಮೊದಲು ಸಾಪಾಡು, ಆಮೇಲೆ ಫಿಸಿಕ್ಸ್" ಎಂದು ಊಟಕ್ಕೆ ಕೂರಿಸುತ್ತಿದ್ದರು. ಪಾಠವನ್ನು ಮೊದಲು ಕನ್ನಡದಲ್ಲಿ ಹೇಳಬೇಕು, ಅದನ್ನೇ ಮತ್ತೆ ಇಂಗ್ಲಿಷಿನಲ್ಲಿ. ತಪ್ಪಿದರೆ ಯಂತ್ರದಿಂದ ಮೇಜು ಕುಟ್ಟುತ್ತಿದ್ದರು. ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಅವರ ಮಗಳು ಬಾಗಿಲು ತೆಗೆದು, "ವಾಂಗ" ಎಂದು ಒಳಗೆ ಕರೆದು ತನ್ನ ಕೋಣೆಗೆ ಹೋಗಿಬಿಡುತ್ತಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಆದರೆ ಉತ್ತರ ತಮಿಳಿನಲ್ಲೇ.

ಪಾಠ ಮುಗಿದ ಮೇಲೆ ಮೇಷ್ಟ್ರು ಹಳೆಯದನ್ನೆಲ್ಲ ಮಾತಾಡುತ್ತಿದ್ದರು. "ಇವಳ ಅಮ್ಮ ಹೋದ ಮೇಲೆ ಈ ಮನೇಲಿ ಕನ್ನಡ ನಿಂತೇ ಹೋಯ್ತು" ಎಂದರು ಒಮ್ಮೆ. ಅವರೂ ನನ್ನ ಹಾಗೆ ವಾರವೆಲ್ಲ ಶನಿವಾರಕ್ಕೆ ಕಾಯುತ್ತಿದ್ದರೆಂದು ಅವತ್ತು ಗೊತ್ತಾಯಿತು.

ಎರಡನೇ ಸಲ ಪರೀಕ್ಷೆಯಲ್ಲಿ ಪಾಸಾದೆ. ಅವರು ನಿವೃತ್ತರಾದ ಮೇಲೂ ಶನಿವಾರಗಳು ನಡೆದವು. ನಾನು ಮಹಾಪ್ರಬಂಧ ಬರೆಯುತ್ತಿದ್ದಾಗ ಕಾಯಿಲೆ ಮರಳಿತು. ಆಸ್ಪತ್ರೆಯಲ್ಲಿ ಯಂತ್ರ ಎತ್ತಿ ಹಿಡಿಯಲೂ ಅವರಿಗೆ ಶಕ್ತಿ ಇರಲಿಲ್ಲ. ನಾನು ನನ್ನ ಕೊನೆಯ ಅಧ್ಯಾಯವನ್ನು ಪೂರ್ತಿ ಕನ್ನಡದಲ್ಲಿ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು. ಆ ವಾರವೇ ಹೋಗಿಬಿಟ್ಟರು.

ಕರ್ಮಗಳೆಲ್ಲ ಮುಗಿದ ಮೇಲೆ ಆ ಮನೆಗೆ ಹೋದೆ. ಮಗಳು ಬಾಗಿಲು ತೆಗೆದಳು. ಈ ಸಲ ತನ್ನ ಕೋಣೆಗೆ ಹೋಗಲಿಲ್ಲ.

"ಕೂತ್ಕೊಳ್ಳಿ" ಎಂದಳು. ಅವಳ ಬಾಯಲ್ಲಿ ನಾನು ಕೇಳಿದ ಮೊದಲ ಕನ್ನಡ. "ಅಪ್ಪಾ ನಿಮ್ ಹತ್ರ ಏನ್ ಮಾತಾಡ್ತಿದ್ರು? ರೂಮಲ್ಲಿ ನನಗೆ ಮೆಷಿನ್ ಸದ್ದು ಮಾತ್ರ ಕೇಳ್ತಿತ್ತು. ತಮಿಳ್ ವೇಂಡಾಂ. ಕನ್ನಡದಲ್ಲೇ, ಅವರು ಹೇಳಿದ ಹಾಗೇ ಹೇಳಿ."

ಒಂದು ಶನಿವಾರ ಮೇಷ್ಟ್ರು ಹೇಳಿದ್ದು ನೆನಪಾಯಿತು. ಗಂಟಲಿನ ಆಪರೇಷನ್ನಿಗೆ ಹಿಂದಿನ ದಿನ ಅವರು ಏನೂ ಕೆಲಸವಿಲ್ಲದೆ ಅವಳನ್ನು ಹೆಸರು ಹಿಡಿದು ಮತ್ತೆ ಮತ್ತೆ ಕರೆದಿದ್ದರಂತೆ. ಕರೆದಾಗಲೆಲ್ಲ ಅವಳು ಬಂದು ನಿಂತು, ಸುಮ್ಮನೆ ಯಾಕೆ ಕರೀತೀರಾ ಎಂದು ರೇಗಿದ್ದಳಂತೆ. "ನನ್ನ ವಾಯ್ಸಲ್ಲಿ ಅವಳ ಹೆಸರು ಅದೇ ಕಡೆ ಸಲ. ಅದನ್ನ ಅವಳಿಗೆ ಹೇಗಮ್ಮ ಹೇಳೋದು?" ಎಂದು ಮೇಷ್ಟ್ರು ನನ್ನ ಹತ್ತಿರ ಹೇಳಿದ್ದರು. ಅದನ್ನೇ ಅವರ ಮಾತಿನಲ್ಲೇ ಅವಳಿಗೆ ಹೇಳಿದೆ.

"ಅಪ್ಪಡಿಯಾ?" ಎಂದಳು ತಮಿಳಿನಲ್ಲೇ. ಆಮೇಲೆ ಅದನ್ನು ಕನ್ನಡಕ್ಕೆ ತಿದ್ದಿಕೊಂಡು ಕೇಳಿದಳು:

"ಹೌದಾ?"