ಮಾತಾಡದ ಗಿಳಿಗೆ ಹಾಲುತುಪ್ಪ

ಲಿಂಗಮ್ಮನ ಗಿಳಿ ಮಾತಾಡುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗಿಳಿಯ ಸುದ್ದಿ ತೆಗೆದರೆ ಸಾಕು, ಅದು ಏನೇನು ಮಾತಾಡುತ್ತಿತ್ತು ಎಂದು ಜನ ಬಾಯಿ ಬಿಟ್ಟುಕೊಂಡು ಕೂರುತ್ತಾರೆ. ಇದು ಏನೂ ಮಾತಾಡಲಿಲ್ಲ. ಕಣ್ಣು ಬಿಡುವ ಮೊದಲೇ ಮನುಷ್ಯರ ಕೈ ಸೇರಿ, ಮನುಷ್ಯರ ಜಗಲಿಯ ಮೇಲೆ ಬೆಳೆದರೂ ಒಂದು ಸಲ 'ಅವ್ವ' ಅನ್ನಲಿಲ್ಲ. ಅದರ ಪಾಲಿನ ಮಾತನ್ನೂ ನಾನೇ ಆಡುತ್ತೇನೆ ಎಂದು ನನ್ನ ಅತ್ತೆ ಚಲುವಮ್ಮ ಬೈಯುತ್ತಿದ್ದರು. ಅತ್ತೆ ಸುಳ್ಳು ಹೇಳುವವರಲ್ಲ. ಬಾಯಿಬಡುಕಿ ಎಂಬ ಹೆಸರು ನನಗೆ ತವರಿನಿಂದಲೇ ಬಂದ ಬಳುವಳಿ.

ಆಗ ಕೊಡಗು ಸ್ವಂತ ರಾಜ್ಯ. ಮಡಿಕೇರಿಯಲ್ಲೇ ಸರ್ಕಾರ, ಕುಶಾಲನಗರದ ಸೇತುವೆ ದಾಟಿದರೆ ಬೇರೆ ರಾಜ್ಯ. ನಮ್ಮೂರು ಹಾರಂಗಿ ಹೊಳೆಯ ದಂಡೆಯಲ್ಲಿತ್ತು. ಹಾಸನದ ಕಡೆಯಿಂದ ನೆಲ ಹುಡುಕಿಕೊಂಡು ಬಂದ ಒಂದಷ್ಟು ಮನೆಯವರು ಕಾಡು ಸವರಿ, ಗದ್ದೆ ಕಟ್ಟಿ ಮಾಡಿಕೊಂಡ ಊರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಚಳಿಜ್ವರದ ಹಾವಳಿ ತಗ್ಗಿತ್ತು. ಡಿಡಿಟಿಯವರು ಬೆನ್ನಿಗೆ ಡಬ್ಬ ಕಟ್ಟಿಕೊಂಡು ಬಂದು ಮನೆಮನೆಯ ಗೋಡೆಗೆ ಮದ್ದು ಹೊಡೆದು ಹೋಗುತ್ತಿದ್ದರು. ಅದಕ್ಕೆ ಮುಂಚೆ ಬಂದವರ ಪಾಡು ಬೇರೆ. ಅವರಲ್ಲಿ ಒಬ್ಬಳು ಲಿಂಗಮ್ಮ.

ಗಂಡ ಸಿದ್ದರಾಜು, ಮಗಳು ಸುಬ್ಬಿ, ಇಬ್ಬರನ್ನೂ ಒಂದೇ ವರ್ಷದ ಜ್ವರ ತಿಂದುಹಾಕಿತ್ತು. ಮೊದಲು ಮಗಳು, ಆ ಮಣ್ಣು ಆರುವ ಮೊದಲೇ ಗಂಡ. ಗದ್ದೆಯಲ್ಲಿ ಭತ್ತ ಹಣ್ಣಾಗಿ ನಿಂತಿತ್ತಂತೆ. ಲಿಂಗಮ್ಮ ಒಂದು ತೊಟ್ಟು ಕಣ್ಣೀರು ಹಾಕದೆ, ಸೆರಗನ್ನು ಸೊಂಟಕ್ಕೆ ಬಿಗಿದು ಕುಡುಗೋಲು ಹಿಡಿದು ಗದ್ದೆಗೆ ಇಳಿದಳಂತೆ. ಊರು ಅವಳಿಗೆ ಅವತ್ತೇ ಕಲ್ಲುಗುಂಡಿಗೆಯವಳು ಎಂದು ಹೆಸರಿಟ್ಟಿತು. ಆಮೇಲೆ ಅವಳು ಯಾರ ಜೊತೆಗೂ ಬೇಕಾದ್ದಕ್ಕಿಂತ ಹೆಚ್ಚು ಮಾತಾಡಿದ್ದಿಲ್ಲ. ನೀರು ಬಿಡಿ ಅನ್ನುವಳು, ಎತ್ತು ಬೇಕು ಅನ್ನುವಳು, ಮುಗಿಯಿತು. ಪಕ್ಕದ ಮನೆಯವಳಾದ ನಾನು ಬೇಲಿಯ ಈಚೆಯಿಂದ ಎಷ್ಟು ಮಾತು ಎಸೆದರೂ ಆಚೆಯಿಂದ ಬರುತ್ತಿದ್ದದ್ದು 'ಹೂಂ' ಒಂದೇ.

ಗಿಳಿ ಸಿಕ್ಕಿದ್ದು ಆ ಸಾವುಗಳಾದ ಮಾರನೇ ವರ್ಷ. ಗದ್ದೆ ಮಗ್ಗುಲಲ್ಲಿ ಒಂದು ಒಣಮರ ಉರುಳಿಸಿದಾಗ ಪೊಟರೆಯಿಂದ ಬಿದ್ದ ಮರಿ. ಮೈಮೇಲೆ ಪುಕ್ಕವಿರಲಿಲ್ಲ, ಬರೀ ಹೊಟ್ಟೆ ಮತ್ತು ಬಾಯಿ. ಲಿಂಗಮ್ಮ ಅದಕ್ಕೆ ಅನ್ನ ಕಿವುಚಿ ತಿನ್ನಿಸಿದಳು, ರಾಗಿ ಅಂಬಲಿ ಕುಡಿಸಿದಳು, ಬದುಕಿಸಿದಳು. ಕೆಲಸ ಮಾಡುವುದಿಲ್ಲ, ಮಾತಾಡುವುದಿಲ್ಲ, ಹೊತ್ತುಹೊತ್ತಿಗೆ ತಿನ್ನಲು ಬೇಕು ಎಂದು ಯಾರೋ ಅದಕ್ಕೆ ದೊರೆ ಎಂದು ಹೆಸರಿಟ್ಟರು. ಹೆಸರು ನಿಂತಿತು.

ದೊರೆಗೆ ಪಂಜರವಿರಲಿಲ್ಲ. ರೆಕ್ಕೆ ಕತ್ತರಿಸಿರಲಿಲ್ಲ. ಜಗಲಿಯ ಸೂರಿಗೆ ಕಟ್ಟಿದ ಬಿದಿರಿನ ಗಳವೇ ಅದರ ಸಿಂಹಾಸನ. ಭತ್ತ ಬಲಿಯುವ ಕಾಲಕ್ಕೆ ಹೊಳೆಯಾಚೆಯ ಕಾಡಿನಿಂದ ಗಿಳಿಗಳು ಹಿಂಡುಹಿಂಡಾಗಿ ಬರುತ್ತಿದ್ದವು. ನಾವೆಲ್ಲ ಕವಣೆ ಬೀಸಿ, ತಗಡು ಬಡಿದು, ಗಂಟಲು ಹರಿಯುವಂತೆ ಕೂಗಿ ಓಡಿಸುತ್ತಿದ್ದೆವು. ತನ್ನ ಜಾತಿಯವರೆಲ್ಲ ತಲೆಯ ಮೇಲೆ ಕಿರುಚುತ್ತ ಹೋಗುವಾಗ ದೊರೆ ಒಂದು ಕಣ್ಣನ್ನು ಆಕಾಶಕ್ಕೆ ತಿರುಗಿಸಿ ನೋಡುತ್ತಿತ್ತು. ಹೋಗುತ್ತಿರಲಿಲ್ಲ. ಯಾಕೆ ಹೋಗಲಿಲ್ಲ ಎಂದು ನನಗೆ ಇಂದಿಗೂ ಅಚ್ಚರಿ.

ಇನ್ನೊಂದು ಅಚ್ಚರಿ ಸಂಜೆಯದು. ದೀಪ ಹಚ್ಚಿದ ಮೇಲೆ ಲಿಂಗಮ್ಮ ಗಳದ ಕೆಳಗೆ ಕುಳಿತು ಮಾತಾಡುತ್ತಿದ್ದಳು. ಆ ಲಿಂಗಮ್ಮನೇ! ಏನು ಹೇಳುತ್ತಿದ್ದಳೋ ಬೇಲಿಯಾಚೆಗೆ ಕೇಳಿಸುತ್ತಿರಲಿಲ್ಲ; ಕೇಳಲು ನಾನು ಪಟ್ಟ ಪಾಡು ಆ ದೇವರಿಗೇ ಗೊತ್ತು. ಸಣ್ಣ ದನಿ, ಒಂದೇ ಸಮನೆ, ಹೊಳೆಯ ನೀರಿನ ಹಾಗೆ. ದೊರೆ ಗಳದಿಂದ ಇಳಿದು ಅವಳ ಮೊಣಕಾಲಿನ ಮೇಲೆ ಕೂತು, ಕತ್ತು ಒಂದು ಪಕ್ಕಕ್ಕೆ ವಾಲಿಸಿ ಕೇಳುತ್ತಿತ್ತು. ನಡುವೆ ರೆಕ್ಕೆ ಕೊಡವುತ್ತಿರಲಿಲ್ಲ, ಕೊಕ್ಕು ಉಜ್ಜುತ್ತಿರಲಿಲ್ಲ. ಅಷ್ಟು ಗಮನವಿಟ್ಟು ಯಾವ ಮನುಷ್ಯನೂ ನನ್ನ ಮಾತು ಕೇಳಿದ್ದಿಲ್ಲ, ಕಟ್ಟಿಕೊಂಡವನೂ ಸೇರಿದಂತೆ.

ನಾನು ಸೊಸೆಯಾಗಿ ಬಂದು ಕೆಲವು ವರ್ಷವಾಗಿತ್ತು. ಕೊಯ್ಲಿಗೆ ಇನ್ನೇನು ಕುಡುಗೋಲು ಮಸೆಯಬೇಕು, ಅಷ್ಟರಲ್ಲಿ ಒಂದು ಬೆಳಿಗ್ಗೆ ದೊರೆ ಸತ್ತುಹೋಯಿತು.

ನಾನು ಕಣ್ಣಾರೆ ನೋಡಿದೆ. ಅಂಗಳಕ್ಕೆ ಸಗಣಿ ನೀರು ಹಾಕುತ್ತಿದ್ದೆ. ದೊರೆ ಗಳದ ಮೇಲೆ ಕೂತು ಎಳೆಬಿಸಿಲಿಗೆ ಎದೆ ಒಡ್ಡಿತ್ತು. ಲಿಂಗಮ್ಮ ಕೊಟ್ಟ ಸೀಬೆಹಣ್ಣಿನ ಚೂರು ಒಂದು ಕಾಲಿನಲ್ಲಿ ಹಾಗೇ ಇತ್ತು. ಒಮ್ಮೆ ಆಚೀಚೆ ನೋಡಿತು. ಆಮೇಲೆ, ಯಾರೋ ಕರೆದರೆ ಎದ್ದು ಹೋಗುವವರ ಹಾಗೆ, ಸದ್ದಿಲ್ಲದೆ ಮುಂದಕ್ಕೆ ವಾಲಿ ಬಿತ್ತು. ನಾನು ಓಡಿಹೋಗಿ ಎತ್ತಿಕೊಂಡೆ. ಮೈ ಇನ್ನೂ ಬಿಸಿ. ಗಾಯವಿಲ್ಲ, ರಕ್ತವಿಲ್ಲ, ಕಚ್ಚಿದ ಗುರುತಿಲ್ಲ. ಕತ್ತಿನ ಕೆಂಪು ಪಟ್ಟಿ ಈಗ ತಾನೇ ಬರೆದಂತಿತ್ತು. ಅಷ್ಟು ಚೆಂದದ ಹೆಣವನ್ನು ನಾನು ಕಂಡಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನನಗೆ ಮಾತು ಹೊರಡಲಿಲ್ಲ.

ಊರು ಕಾರಣ ಹುಡುಕಲು ಕೂತಿತು. ಡಿಡಿಟಿ ಎಂದರು ಕೆಲವರು. ಆದರೆ ಮದ್ದು ಹೊಡೆದುಹೋಗಿ ತಿಂಗಳುಗಳಾಗಿದ್ದವು, ಅದೇ ಗೋಡೆಯ ಬುಡದಲ್ಲಿ ಕೆದಕುತ್ತಿದ್ದ ಕೋಳಿಗಳು ಗುಂಡುಕಲ್ಲಿನಂತಿದ್ದವು. ಹಣ್ಣಿನಲ್ಲಿ ಏನೋ ಇತ್ತು ಎಂದರು. ಅದೇ ಹಣ್ಣಿನ ಇನ್ನರ್ಧವನ್ನು ಲಿಂಗಮ್ಮ ತಿಂದಿದ್ದಳು. ಕೊನೆಗೆ ಊರಿನ ಹಿರಿಯ ಸಣ್ಣಸ್ವಾಮಣ್ಣ, ಹಿಂದಿನಿಂದ ಬಂದ ಸಮಾಧಾನದ ಮಾತನ್ನೇ ಹೇಳಿದ. ಮನೆಯಲ್ಲಿ ಸಾಕಿದ ಪ್ರಾಣಿ ಕಾರಣವಿಲ್ಲದೆ ಸತ್ತರೆ ಮನೆಯವರಿಗೆ ಬರಬೇಕಾದ ಗಂಡಾಂತರವನ್ನು ಅದು ಹೊತ್ತುಕೊಂಡು ಹೋಯಿತು ಎಂದೇ ಲೆಕ್ಕ. ಹಸು ಸತ್ತರೂ ಹಾಗೆ, ನಾಯಿ ಸತ್ತರೂ ಹಾಗೆ. ನಮ್ಮಲ್ಲಿ ಎಲ್ಲರೂ ಎಲ್ಲರಿಗೂ ಹೇಳುವ ಮಾತೇ ಅದು. ಕೇಳಿದವರು ಕೈಮುಗಿದು, ಸದ್ಯ ಉಳಿದೆವು ಎಂದು ಮುಂದಿನ ಕೆಲಸ ನೋಡುತ್ತಾರೆ.

ಲಿಂಗಮ್ಮ ಕೈಮುಗಿಯಲಿಲ್ಲ. ಆ ಮಾತು ಕಿವಿಗೆ ಬೀಳುತ್ತಲೇ ಮುಖ ಕಪ್ಪಿಟ್ಟಿತು. ಗಿಳಿಯನ್ನು ಮಡಿಲಲ್ಲಿಟ್ಟುಕೊಂಡು ಹೊಳೆದಂಡೆಗೆ ಹೋದಳು. ಸಿದ್ದರಾಜುವನ್ನೂ ಸುಬ್ಬಿಯನ್ನೂ ಮಣ್ಣು ಮಾಡಿದ್ದ ಜಾಗದ ಪಕ್ಕದಲ್ಲೇ ತಾನೇ ಗುಂಡಿ ತೋಡಿ ಮಲಗಿಸಿ ಬಂದಳು. ಬಂದವಳು ಜಗಲಿಯ ಮೇಲೆ ಕೂತಳು. ಒಲೆ ಹಚ್ಚಲಿಲ್ಲ. ನಾವು ಕೊಟ್ಟ ಮುದ್ದೆ ಇಟ್ಟಲ್ಲೇ ಒಣಗಿತು. ಮಾರನೇ ದಿನವೂ ಹಾಗೆಯೇ. ಎಲ್ಲರ ಗದ್ದೆಯಲ್ಲೂ ಕೊಯ್ಲು ಶುರುವಾಯಿತು; ಅವಳ ಭತ್ತ ಹಣ್ಣಾಗಿ ಬಾಗಿತ್ತು, ಇನ್ನೆರಡು ದಿನ ಬಿಟ್ಟರೆ ಉದುರುತ್ತಿತ್ತು. ಗಂಡ ಸತ್ತಾಗ ಕುಡುಗೋಲು ಹಿಡಿದವಳು ಗಿಳಿ ಸತ್ತರೆ ಅನ್ನ ನೀರು ಬಿಟ್ಟಳಲ್ಲ ಎಂದು ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಹೀಗೇ ಬಿಟ್ಟರೆ ಇವಳೂ ಗಿಳಿಯ ಹಿಂದೆಯೇ ಹೋಗುತ್ತಾಳೆ ಎಂದು ನನಗೆ ಹೆದರಿಕೆಯಾಯಿತು.

ಎರಡನೇ ಸಂಜೆ ಮಜ್ಜಿಗೆ ತೆಗೆದುಕೊಂಡು ಹೋದೆ. ಗಂಡಾಂತರ ಕಳೆಯಿತಲ್ಲ, ಇನ್ನು ಯಾಕೆ ಕೊರಗುತ್ತೀ ಎಂದು ನಾನೂ ಊರಿನ ಮಾತನ್ನೇ ಒಪ್ಪಿಸಿದೆ. ಅವಳು ಖಾಲಿ ಗಳದ ಕಡೆ ನೋಡುತ್ತ ಹೇಳಿದಳು:

"ಗಂಡಾಂತರ ಎಲ್ಲಿಂದಲೋ ಬರ್ಲಿಲ್ಲ ಕಣವ್ವ. ನಾನೇ ಹೊರ್ಸಿದ್ದು. ದಿನಾ ಸಂಜೆ ಸುಬ್ಬಿ ವಿಷ್ಯ, ಅವ್ರಪ್ಪನ ವಿಷ್ಯ, ಎಲ್ಲಾ ಅದರ ಕಿವಿಗೆ ಸುರಿದೆ. ನನ್ನ ಸಂಕಟ ಹಗುರ ಆಯ್ತು. ಅದು ಎಷ್ಟಂತ ಹೊರ್ತದೆ? ಹಿಡಿಯಷ್ಟು ಜೀವ."

ಮಜ್ಜಿಗೆ ಇಟ್ಟು ಬಂದುಬಿಟ್ಟೆ. ಅತ್ತೆಗೆ ಹೇಳಿದೆ. ಅತ್ತೆ, ನಾಳೆ ಮೂರನೇ ದಿನ, ಗಿಳಿಗೆ ಹಾಲುತುಪ್ಪ ಬಿಡೋಣ ಎಂದರು. ಸತ್ತವರ ಮಣ್ಣಿನ ಮೇಲೆ ಮೂರನೇ ದಿನ ಹಾಲು ತುಪ್ಪ ಎರೆದು, ಎಲೆಯಲ್ಲಿ ಎಡೆಯಿಟ್ಟು, ಕಾಗೆ ಮುಟ್ಟುವವರೆಗೆ ಕಾಯುವುದು ನಮ್ಮ ಪದ್ಧತಿ. ಹಕ್ಕಿಗೆ ಅದನ್ನು ಮಾಡಿದವರುಂಟೇ? ಸಣ್ಣಸ್ವಾಮಣ್ಣ ಶಾಸ್ತ್ರ ಕೆಡುತ್ತದೆ ಎಂದು ರೇಗಿದ. ಅತ್ತೆ ಅವನ ಎದುರು ಹೋಗಿ ನಿಂತರು.

"ಆ ವರ್ಷ ಸುಬ್ಬಿಗೆ ಯಾರು ಹಾಲುತುಪ್ಪ ಬಿಟ್ರು, ಹೇಳಣ್ಣ. ಊರೆಲ್ಲ ಜ್ವರದಲ್ಲಿ ಮಲಗಿತ್ತು. ಮಗೀಗೆ ಮಾಡ್ದೆ ಇದ್ದಾಗ ಕೆಡದ ಶಾಸ್ತ್ರ, ಗಿಳಿಗೆ ಮಾಡಿದ್ರೆ ಕೆಡ್ತದಾ?"

ಸಣ್ಣಸ್ವಾಮಣ್ಣ ತಲೆ ತಗ್ಗಿಸಿದ. ಮರುದಿನ ಎಲ್ಲರಿಗಿಂತ ಮೊದಲು ಹೊಳೆದಂಡೆಗೆ ಬಂದವನೂ ಅವನೇ. ಗದ್ದೆಗೆ ಗಿಳಿ ಓಡಿಸಲು ಹೊರಟವನು, ಹೆಗಲ ಮೇಲೆ ಕವಣೆ ಹಾಗೇ ಇತ್ತು.

ತಮಾಷೆ ನೋಡಲೆಂದೇ ಬಂದವರೂ ಇದ್ದರು. ಲಿಂಗಮ್ಮ ಹಾಲು ಎರೆದಳು, ತುಪ್ಪ ಬಿಟ್ಟಳು, ಎಲೆಯ ಮೇಲೆ ಅನ್ನ, ಸೀಬೆಹಣ್ಣು, ಒಂದು ಹಸಿಮೆಣಸಿನಕಾಯಿ ಇಟ್ಟಳು. ನಾವು ದೂರ ಸರಿದು ನಿಂತೆವು. ಅತ್ತಿಮರದ ತುಂಬ ಕಾಗೆಗಳಿದ್ದವು. ಒಂದೂ ಇಳಿಯಲಿಲ್ಲ. ಬಿಸಿಲು ಏರಿತು. ಕಾಗೆ ಎಡೆ ಮುಟ್ಟದಿದ್ದರೆ ಹೋದ ಜೀವಕ್ಕೆ ಏನೋ ಆಸೆ ಉಳಿದಿದೆ ಎಂದರ್ಥ. ಅದು ಏನೆಂದು ಊಹಿಸಿ, ನಡೆಸಿಕೊಡುತ್ತೇವೆಂದು ಬಾಯಿಬಿಟ್ಟು ಮಾತು ಕೊಡಬೇಕು. ಜನ ಊಹಿಸಿದರು. ಹುರಿಗಡಲೆ ತಂದಿಡುತ್ತೇವೆ ಎಂದರು ಒಬ್ಬರು. ಇನ್ನೊಂದು ಗಿಳಿ ಸಾಕುತ್ತೇವೆ ಎಂದರು ಮತ್ತೊಬ್ಬರು. ಕಾಗೆಗಳು ಅಲ್ಲೇ ಕೂತು ಕೊಕ್ಕು ತೀಡಿಕೊಂಡವು. ಬದುಕಿದ್ದಾಗಲೇ ಬಾಯಿ ಬಿಡದ ಜೀವ, ಅದರ ಆಸೆಯನ್ನು ಯಾರು ಬಲ್ಲರು? ನಗಲು ಬಂದವರ ನಗುವೂ ನಿಂತಿತು. ಸಣ್ಣಸ್ವಾಮಣ್ಣ ಲಿಂಗಮ್ಮನ ಕಡೆ ತಿರುಗಿ, ಅದರ ಮನಸ್ಸು ಬಲ್ಲವಳು ನೀನೊಬ್ಬಳೇ, ನೀನೇ ಮಾತು ಕೊಡು ಎಂದ.

ಲಿಂಗಮ್ಮ ಮಣ್ಣಿನ ಮುಂದೆ ಮಂಡಿಯೂರಿ ಕೂತಳು. ಸಂಜೆಗಳಲ್ಲಿ ಬೇಲಿಯಾಚೆಯಿಂದ ಬರುತ್ತಿದ್ದ ಅದೇ ಸಣ್ಣ ದನಿ. ಈ ಸಲ ಎಲ್ಲರಿಗೂ ಕೇಳಿಸಿತು.

"ಹೊತ್ತಿದ್ದು ಸಾಕು ನನ್ನಪ್ಪ. ಎಲ್ಲಾ ಇಲ್ಲೇ ಇಳಿಸಿ ಹೋಗು. ಇನ್ಮೇಲೆ ನಾನು ಮನುಷ್ಯರ ಹತ್ರ ಹೇಳ್ಕೊತೀನಿ."

ಅವಳು ಏಳುವುದಕ್ಕೂ ಹೊಳೆಯಾಚೆ ಸದ್ದು ಏಳುವುದಕ್ಕೂ ಸರಿಹೋಯಿತು. ಗಿಳಿಗಳು. ಪ್ರತಿವರ್ಷ ನೋಡಿದ್ದೆ, ಆದರೆ ಹಾಗೆ ನೋಡಿರಲಿಲ್ಲ. ಕಾಡಿಗೆ ಕಾಡೇ ರೆಕ್ಕೆ ಕಟ್ಟಿಕೊಂಡು ಎದ್ದು ಬಂದಂತೆ ಹೊಳೆಯ ಮೇಲೆ ಹಸಿರು ಹರಡಿತು, ನೀರೂ ಹಸಿರಾಯಿತು. ನಮ್ಮ ತಲೆಯ ಮೇಲೆ ಒಂದು ಸುತ್ತು ಬಂದು, ಊರಿನ ಗದ್ದೆಗಳನ್ನೆಲ್ಲ ಬಿಟ್ಟು ಕೊಯ್ಯದೆ ಉಳಿದಿದ್ದ ಲಿಂಗಮ್ಮನ ಗದ್ದೆಗೇ ಇಳಿದವು. ಸಣ್ಣಸ್ವಾಮಣ್ಣನ ಕೈ ಅಭ್ಯಾಸಬಲದಿಂದ ಕವಣೆಗೆ ಹೋಯಿತು. ಅಲ್ಲಿಗೇ ನಿಂತಿತು. ಯಾರೂ ಕಲ್ಲು ಎತ್ತಲಿಲ್ಲ. ಬಾಗಿದ ತೆನೆಗಳು ಹಕ್ಕಿಗಳ ಭಾರಕ್ಕೆ ಇನ್ನೂ ಬಾಗಿದವು.

ಆಗ ಲಿಂಗಮ್ಮ ಓಡಿದಳು. ಬದುವಿನ ಮೇಲೆ ನಿಂತು, ಎರಡೂ ಕೈ ಮೇಲೆತ್ತಿ, ಗಿಳಿ ಓಡಿಸುವ ಕೂಗು ಹಾಕಿದಳು. "ಹೋ... ಹೋ..." ಬರೀ ತಗಡು ಬಡಿದು ಗಿಳಿ ಓಡಿಸುತ್ತಿದ್ದ ಕಲ್ಲುಗುಂಡಿಗೆಯ ಹೆಂಗಸು ದನಿ ಎತ್ತರಿಸಿದ್ದನ್ನು ಊರು ಕೇಳಿಯೇ ಇರಲಿಲ್ಲ. ಹಕ್ಕಿಗಳು ಒಟ್ಟಿಗೆ ಎದ್ದವು, ಹೊಳೆ ದಾಟಿದವು, ಹೋದವು. ಕೂಗು ನಿಲ್ಲಲಿಲ್ಲ. 'ಹೋ' ಎಂಬುದು ಎಲ್ಲಿ ಮುಗಿಯಿತು, ಅಳು ಎಲ್ಲಿ ಶುರುವಾಯಿತು ಎಂದು ನನಗೆ ತಿಳಿಯಲಿಲ್ಲ. ಸುಬ್ಬಿ ಎಂದಳು. ಮತ್ತೆ ಮತ್ತೆ ಸುಬ್ಬಿ ಎಂದಳು. ಅಷ್ಟು ವರ್ಷ ಹಿಡಿದಿಟ್ಟದ್ದು ಆ ಬದುವಿನ ಮೇಲೆ ಕಟ್ಟೆ ಒಡೆದು ಬಂತು. ಅತ್ತೆ ಹೋಗಿ ತಬ್ಬಿಕೊಂಡರು. ನಗಲು ಬಂದಿದ್ದವರೂ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ತಿರುಗಿ ನೋಡಿದರೆ ಎಲೆ ಖಾಲಿಯಾಗಿತ್ತು. ಕಾಗೆ ತಿಂದಿತೋ, ಬೇರೆ ಏನು ತಿಂದಿತೋ, ನೋಡಿದವರಿಲ್ಲ. ದೊರೆ ಯಾಕೆ ಸತ್ತಿತು ಎಂಬುದೂ ತಿಳಿಯಲಿಲ್ಲ. ನಾನೂ ಆಮೇಲೆ ಕೇಳಲು ಹೋಗಲಿಲ್ಲ.

ಮಾರನೇ ದಿನ ಊರವರೆಲ್ಲ ಸೇರಿ ಲಿಂಗಮ್ಮನ ಗದ್ದೆ ಕೊಯ್ದೆವು. ಅವಳೇ ಮುಂದೆ ನಿಂತು ಕೊಯ್ದಳು, ಮಧ್ಯಾಹ್ನ ನಮ್ಮ ಜೊತೆ ಕೂತು ಮುದ್ದೆ ಉಂಡಳು. ಸಂಜೆ ನಾನು ಒಲೆಯ ಮೇಲೆ ಅನ್ನಕ್ಕಿಟ್ಟು ಜಗಲಿಗೆ ಬಂದರೆ, ಬೇಲಿಯ ತಡಿಕೆ ಸರಿಸಿಕೊಂಡು ಅವಳು ಬರುತ್ತಿದ್ದಳು. ನಾನು ಮದುವೆಯಾಗಿ ಬಂದಾಗಿನಿಂದ ಅವಳು ಒಂದು ದಿನವೂ ದಾಟದ ಬೇಲಿ ಅದು. ನನ್ನ ಎದುರಿಗೆ ಕೂತಳು.

"ಸುಬ್ಬಿ ಹುಟ್ಟಿದಾಗ ಮಳೆ ಕಣವ್ವ," ಎಂದು ಶುರುಮಾಡಿದಳು.

ನನ್ನ ನಾಲಗೆಯ ತುದಿಗೆ ನೂರು ಮಾತು ಬಂದವು. ಎಲ್ಲವನ್ನೂ ನುಂಗಿದೆ. ಕತ್ತು ಒಂದು ಪಕ್ಕಕ್ಕೆ ವಾಲಿಸಿ ಕೇಳತೊಡಗಿದೆ. ಅಷ್ಟು ಭಾರವನ್ನು ಆ ಹಿಡಿಯಷ್ಟು ಜೀವ ದಿನಾ ಸಂಜೆ ಹೇಗೆ ಹೊರುತ್ತಿತ್ತೋ! ಕತ್ತಲಾಯಿತು. ಒಳಗಿನಿಂದ ಅನ್ನ ಸೀಯುವ ವಾಸನೆ ಬಂತು. ಅತ್ತೆಗೂ ಬಂದಿರಬೇಕು, ಆದರೆ ಅವರು ನನ್ನನ್ನು ಕೂಗಲಿಲ್ಲ. ನಾನೂ ಏಳಲಿಲ್ಲ.